ಮಲೆನಾಡಿನಲ್ಲಿದ್ದುಕೊಂಡು ಹವಳದ ದಿಬ್ಬಗಳ ಅಂತರರಾಷ್ಟ್ರೀಯ ಸಂಘಕ್ಕೆ ಸೇರಬಹುದೇ? ಸಲಹೆ ಬೇಕು

ಹೂಮಳೆ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಮೂಡಿಗೆರೆಯ ಹತ್ತಿರ, ಮನೆಯಲ್ಲಿ ಕಾಫಿ ತೋಟ. ಸಮುದ್ರವನ್ನು ಈವರೆಗೆ ಎರಡೇ ಸಲ ಕಂಡಿದ್ದೇನೆ.

ನಮ್ಮ ದೇವರ ಕೋಣೆಯಲ್ಲಿ ಶಂಖದ ಪಕ್ಕ ಒಂದು ಬಿಳಿ ಕಲ್ಲಿದೆ. ಬಹಳ ಹಿಂದೆ ಅಜ್ಜಿ ರಾಮೇಶ್ವರಕ್ಕೆ ಹೋದಾಗ ತಂದದ್ದು. ಮುಷ್ಟಿಯಷ್ಟು ದೊಡ್ಡದು, ಕೈಗೆ ಒರಟು. ಕಳೆದ ವರ್ಷ ಕಾಲೇಜಿನಿಂದ ಮಸೂರ ತಂದು ನೋಡಿದೆ. ಮೈತುಂಬ ಗುಳಿಗಳು, ಒಂದೊಂದರಲ್ಲೂ ಒಂದೇ ಒಂದು ಸಾಸಿವೆ ಕಾಳು ಕೂರಬಹುದು. ಗುಳಿಯ ಗೋಡೆಯಿಂದ ನಡುವಿನ ಕಡೆಗೆ ತೆಳುವಾದ ಗರಿಗಳು ಚಾಚಿಕೊಂಡಿವೆ. ಎಣಿಸಿದೆ: ಹನ್ನೆರಡು. ಪಕ್ಕದ ಗುಳಿಯಲ್ಲೂ ಹನ್ನೆರಡು. ಅದರ ಪಕ್ಕದಲ್ಲೂ ಹನ್ನೆರಡು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಐವತ್ತು ವರ್ಷ ಕುಂಕುಮ ಹಚ್ಚಿದ್ದು ಕಲ್ಲಿಗಲ್ಲ, ಸಾವಿರಾರು ಪ್ರಾಣಿಗಳು ಒಟ್ಟಿಗೆ ಕಟ್ಟಿದ ಮನೆಗೆ.

ಅಂದಿನಿಂದ ಹವಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಇಂಟರ್‌ನ್ಯಾಷನಲ್ ಕೋರಲ್ ರೀಫ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘವಿದೆ, ವಿದ್ಯಾರ್ಥಿಗಳೂ ಸದಸ್ಯರಾಗಬಹುದು. ಶುಲ್ಕ ಡಾಲರಿನಲ್ಲಿದೆ. ಅಪ್ಪನನ್ನು ಕೇಳಿದೆ. ‘ತೋಟಕ್ಕೆ ಗೊಬ್ಬರ ಹಾಕುವ ಹೊತ್ತಿನಲ್ಲಿ ಸಮುದ್ರದ ಹವಳಕ್ಕೆ ದುಡ್ಡೇ?’ ಎಂದರು. ಅವರ ಮಾತನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಆಸೆ ಬಿಟ್ಟಿಲ್ಲ.

ಸೇರಿದರೆ ನಿಜವಾಗಿ ಏನು ಸಿಗುತ್ತದೆ? ಯಾರಾದರೂ ಶಿಫಾರಸು ಮಾಡಬೇಕೇ? ಸಮುದ್ರದ ಪಕ್ಕ ಇಲ್ಲದವಳು ಸೇರಿದರೆ ಅರ್ಥವಿದೆಯೇ?

ಆಲ್ದೂರು_ಅರೇಬಿಕಾ

ನಿಮ್ಮ ತಂದೆಯ ಮಾತೇ ಸರಿ ಎಂದು ನನ್ನ ಅಭಿಪ್ರಾಯ. ಬೇಸರಿಸಬೇಡಿ, ಅನುಭವದಿಂದ ಹೇಳುತ್ತೇನೆ. ಹತ್ತು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಆಜೀವ ಸದಸ್ಯತ್ವ ಎಂದು ದೊಡ್ಡ ಮೊತ್ತ ಕಟ್ಟಿದೆ. ಬಂದದ್ದು ಒಂದು ಪ್ರಮಾಣಪತ್ರ, ಒಂದು ಕೋಟಿನ ಬಿಲ್ಲೆ. ಆಮೇಲೆ ಫೋನ್ ಮಾಡಿದರೂ ಎತ್ತುವವರಿಲ್ಲ. ‘ಅಂತರರಾಷ್ಟ್ರೀಯ’ ಎಂಬ ಪದ ಕಂಡೊಡನೆ ನಮ್ಮ ಮಕ್ಕಳು ಮರುಳಾಗುತ್ತಾರೆ. ಅದೇ ಹಣದಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕಕ್ಕೆ ಮುಂಗಡ ಕಟ್ಟಬಹುದು.

ಚಾರ್ಮಾಡಿ_ಮಂಜು

ಸೇರಿ ತಂಗಿ. ಆಸೆ ಹುಟ್ಟಿದ ವಯಸ್ಸಿನಲ್ಲೇ ಸೇರಬೇಕು.

ಹೇಮಾವತಿ_ದಂಡೆ

ನಿವೃತ್ತ ವಿಜ್ಞಾನ ಶಿಕ್ಷಕ, ಹಾಸನ. ಆಲ್ದೂರಿನವರೇ, ನಿಮಗೆ ಮೋಸವಾಗಿದೆ, ನೋವು ಅರ್ಥವಾಗುತ್ತದೆ. ಆದರೆ ಎಲ್ಲ ಸಂಘಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಇದು 1980ರಲ್ಲಿ ಹುಟ್ಟಿದ ಸಂಘ. ಮೊದಲು ಇದರ ಹೆಸರು ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ರೀಫ್ ಸ್ಟಡೀಸ್ ಎಂದಿತ್ತು, ಈಚೆಗೆ ಬದಲಾಯಿತು. ಹಳೆಯ ಲೇಖನಗಳಲ್ಲಿ ಆ ಹೆಸರೇ ಕಾಣುತ್ತದೆ, ಬೇರೆ ಸಂಘ ಎಂದುಕೊಳ್ಳಬೇಡಿ. 1982ರಿಂದ ‘ಕೋರಲ್ ರೀಫ್ಸ್’ ಎಂಬ ಸಂಶೋಧನಾ ಪತ್ರಿಕೆ ಇವರದು. ಹವಳದ ವಿಜ್ಞಾನದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ. ಜೀವಮಾನದ ಸಾಧನೆಗೆ ಡಾರ್ವಿನ್ ಪದಕ ಕೊಡುತ್ತಾರೆ. ಡಾರ್ವಿನ್ ಹೆಸರೇ ಏಕೆಂದರೆ, ಉಂಗುರದಂಥ ಹವಳದ ದ್ವೀಪಗಳು ಹೇಗೆ ಆಗುತ್ತವೆ ಎಂದು 1842ರಲ್ಲೇ ಪುಸ್ತಕ ಬರೆದವರು ಅವರು. ಜ್ವಾಲಾಮುಖಿಯ ದ್ವೀಪ ಮೆಲ್ಲನೆ ತಗ್ಗುತ್ತದೆ, ಅಂಚಿನ ಹವಳ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ಗುಡ್ಡ ಮುಳುಗಿ ಉಂಗುರ ಉಳಿಯುತ್ತದೆ ಎಂದರು.

ಶಿಫಾರಸು ಬೇಡ. ಹವಳದ ದಿಬ್ಬಗಳ ವಿಜ್ಞಾನದಲ್ಲಿ ಆಸಕ್ತಿ ಇರುವ ಯಾರೂ ಸೇರಬಹುದು. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ. ಆದಾಯ ಕಡಿಮೆ ಇರುವ ದೇಶಗಳವರಿಗೂ ರಿಯಾಯಿತಿ ಇದೆ. ಅರ್ಜಿಯಲ್ಲಿ ವಿದ್ಯಾರ್ಥಿ ವಿಭಾಗವನ್ನೇ ಆರಿಸಿ, ಅವಸರದಲ್ಲಿ ಪೂರ್ಣ ಸದಸ್ಯತ್ವ ಒತ್ತಿಬಿಡಬೇಡಿ.

ಸಕಲೇಶಪುರದಿಂದ_ಕಡಲಿಗೆ

ನಾನು ಸಕಲೇಶಪುರದವನು, ಈಗ ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದೇನೆ. ಎರಡು ವರ್ಷದಿಂದ ಈ ಸಂಘದ ವಿದ್ಯಾರ್ಥಿ ಸದಸ್ಯ.

ಏನು ಸಿಗುತ್ತದೆ ಎಂದರೆ: ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದಬಹುದು. ನಮ್ಮ ಕಾಲೇಜುಗಳ ಗ್ರಂಥಾಲಯದಲ್ಲಿ ಅದು ಸಿಗದಿದ್ದರೆ ಇದೊಂದೇ ಸಾಕು, ಶುಲ್ಕ ಹುಟ್ಟಿತು. ಸಮ್ಮೇಳನದ ನೋಂದಣಿ ಅಗ್ಗವಾಗುತ್ತದೆ. ವಿದ್ಯಾರ್ಥಿಗಳ ಸಂಶೋಧನೆಗೆ, ಪ್ರಯಾಣಕ್ಕೆ ನೆರವಿನ ಯೋಜನೆಗಳಿವೆ, ಆದರೆ ಅವಕ್ಕೆ ಪ್ರಪಂಚದೆಲ್ಲೆಡೆಯಿಂದ ಅರ್ಜಿ ಬರುತ್ತದೆ, ಖಂಡಿತ ಸಿಗುತ್ತದೆ ಎಂದು ನಂಬಿ ಸೇರಬೇಡಿ. ‘ರೀಫ್ ಎನ್‌ಕೌಂಟರ್’ ಎಂಬ ಸಂಘದ ನಿಯತಕಾಲಿಕವನ್ನು ಸದಸ್ಯರಲ್ಲದವರೂ ಓದಬಹುದು. ಮೊದಲು ಅದರ ನಾಲ್ಕು ಹಳೆಯ ಸಂಚಿಕೆ ಓದಿ. ಓದಿದ ಮೇಲೂ ಹಸಿವು ಉಳಿದರೆ ಹಣ ಕಟ್ಟಿ.

ಇನ್ನೊಂದು ಮುಖ್ಯ ಮಾತು. ಬ್ಯಾಂಕ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ನೀವೇ ಚಾಲೂ ಮಾಡಿಕೊಳ್ಳಬೇಕು. 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ನಾನು ಇದು ಗೊತ್ತಿಲ್ಲದೆ ಮೂರು ಸಲ ಸೋತು, ಸಂಘದವರೇ ನನ್ನನ್ನು ತಿರಸ್ಕರಿಸಿದರು ಎಂದು ಒಂದು ವಾರ ಕೊರಗಿದ್ದೆ.

ಕಡೂರು_ಬಯಲು

ನಮ್ಮ ಜಿಲ್ಲೆಯಲ್ಲಿ ಕೆರೆಗಳೇ ಹೂಳು ತುಂಬಿ ಸಾಯುತ್ತಿವೆ. ಅಯ್ಯನಕೆರೆ, ಮದಗದ ಕೆರೆಗೆ ಒಂದು ಸಂಘ ಕಟ್ಟಿ ಎಂದರೆ ಹತ್ತು ಜನ ಸೇರುವುದಿಲ್ಲ. ಆಸ್ಟ್ರೇಲಿಯಾದವರು, ಅಮೆರಿಕದವರು ತಮ್ಮ ಹವಳಕ್ಕಾಗಿ ಕಟ್ಟಿಕೊಂಡ ಕೂಟಕ್ಕೆ ನಾವೇಕೆ ಚಂದಾ ಕೊಡಬೇಕು? ಮೊದಲ ಸಮ್ಮೇಳನವೂ ಅಲ್ಲೇ ಎಲ್ಲೋ ಆಸ್ಟ್ರೇಲಿಯಾದಲ್ಲಿ ನಡೆದಿರಬೇಕು.

ಹೇಮಾವತಿ_ದಂಡೆ

ಕಡೂರಿನವರೇ, ಕೆರೆಯ ಮಾತು ಒಪ್ಪಿದೆ. ಸಮ್ಮೇಳನದ ಮಾತು ತಪ್ಪು.

ಹವಳದ ದಿಬ್ಬಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1969ರಲ್ಲಿ, ನಮ್ಮ ದೇಶದಲ್ಲಿ, ರಾಮೇಶ್ವರಕ್ಕೆ ಹೋಗುವ ದಾರಿಯ ಮಂಡಪಂನಲ್ಲಿ. ನಡೆಸಿದ್ದು ಭಾರತದ ಸಾಗರ ಜೀವವಿಜ್ಞಾನ ಸಂಘ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ ಆಗ ಅಲ್ಲೇ ಇತ್ತು, ಕೊಚ್ಚಿಗೆ ಹೋದದ್ದು ಆಮೇಲೆ. ಎರಡನೆಯ ಸಮ್ಮೇಳನ 1973ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಉದ್ದಕ್ಕೂ ಹೋಗುವ ಹಡಗಿನಲ್ಲೇ ಆಯಿತು. ಆಮೇಲೆ ಮಯಾಮಿ, ಮನಿಲಾ, ತಾಹಿತಿ ಎಂದು ಊರೂರು ಸುತ್ತಿತು. 2022ರಲ್ಲಿ ಜರ್ಮನಿಯ ಬ್ರೆಮೆನ್, 2026ಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್.

ಸಂಘವೇ ಹುಟ್ಟುವ ಹನ್ನೊಂದು ವರ್ಷ ಮೊದಲು ಈ ಪರಂಪರೆ ಶುರುವಾದದ್ದು ಮಂಡಪಂನಲ್ಲಿ. ಈ ಹುಡುಗಿಯ ಅಜ್ಜಿ ಕಲ್ಲು ತಂದ ದಾರಿಯಲ್ಲೇ! ಹೊರಗಿನವರ ಮನೆಗೆ ಹೋಗುತ್ತಿದ್ದೇವೆ ಎಂಬ ಅಳುಕು ಯಾಕೆ?

ಹೂಮಳೆ_ಮೂಡಿಗೆರೆ

ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಅಜ್ಜಿಗೆ ಓದಿ ಹೇಳಿದೆ. ‘ಮಂಡಪಂನಲ್ಲಿ ರೈಲು ಬಹಳ ಹೊತ್ತು ನಿಂತಿತ್ತು, ಅಲ್ಲೇ ಬುತ್ತಿ ಬಿಚ್ಚಿದ್ದೆವು’ ಎಂದರು.

ಕಡೂರು_ಬಯಲು

ಮಂಡಪಂ ವಿಷಯ ನನಗೆ ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ವಂದನೆ. ಆದರೂ ಕೆರೆಯ ಪ್ರಶ್ನೆ ಹಾಗೆಯೇ ಇದೆ.

ಯಗಚಿ

ನನಗೊಂದು ಸಂಶಯ. ಹವಳ ಎಂದರೆ ಗಿಡವಲ್ಲವೇ? ಚಿತ್ರಗಳಲ್ಲಿ ಕೊಂಬೆ, ಹೂವು ಎಲ್ಲ ಇರುತ್ತದೆ. ಮತ್ತೆ ನಮ್ಮ ತಾಯಿಯ ಕೆಂಪು ಹವಳದ ಸರ ಇದರಿಂದಲೇ ಮಾಡಿದ್ದೇ?

ಸಕಲೇಶಪುರದಿಂದ_ಕಡಲಿಗೆ

ಗಿಡವಲ್ಲ, ಪ್ರಾಣಿ. ಒಂದೊಂದು ಕೆಲವೇ ಮಿಲಿಮೀಟರ್. ಪಾಲಿಪ್ ಎನ್ನುತ್ತಾರೆ. ಬಾಯಿ ಒಂದು, ಸುತ್ತ ಬೆರಳಿನಂಥ ಎಳೆಗಳು. ಸಮುದ್ರದ ನೀರಿನಿಂದ ಸುಣ್ಣದ ಅಂಶ ತೆಗೆದು ತನ್ನ ಕೆಳಗೆ ತಾನೇ ಗೂಡು ಕಟ್ಟುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಒಕ್ಕಲಿರುತ್ತವೆ. ಅವು ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೆ ಬಡಿಸುತ್ತವೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಅಲ್ಲಿಂದ. ಬಣ್ಣದ ಹೆಚ್ಚಿನ ಪಾಲೂ ಅವುಗಳದೇ.

ಕೊರಳ ಹವಳ ಬೇರೆ ಜಾತಿ. ಆ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕತ್ತಲಿನ ಆಳದಲ್ಲಿ ಬೆಳೆಯುತ್ತದೆ, ದಿಬ್ಬ ಕಟ್ಟುವುದಿಲ್ಲ. ಹೆಸರು ಒಂದೇ ಆದದ್ದರಿಂದ ಕನ್ನಡದಲ್ಲಿ ಈ ಗೊಂದಲ ಯಾವಾಗಲೂ ಇದೆ.

ಮೂಡಿಗೆರೆಯವರೇ, ಹನ್ನೆರಡು ಗರಿ, ಸಾಸಿವೆಯಷ್ಟು ಗುಳಿ ಎಂದರೆ ನಿಮ್ಮದು ಪೊರೈಟಿಸ್ ಕುಲದ್ದಿರಬಹುದು. ಗುಂಡಗೆ ಬೆಳೆಯುವ ಪೊರೈಟಿಸ್ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅದನ್ನು ಸೀಳಿ ಎಕ್ಸ್‌ರೇ ತೆಗೆದರೆ ಮರದ ಉಂಗುರದಂತೆ ವರ್ಷವರ್ಷದ ಪಟ್ಟಿಗಳು ಕಾಣುತ್ತವೆ.

ಬೇಲೂರು_ಬಳಪ

ಸೀಳಬೇಡಿ! ಅಜ್ಜಿಯ ಕಲ್ಲು ಅದು.

ಹೂಮಳೆ_ಮೂಡಿಗೆರೆ

ಸೀಳುವುದಿಲ್ಲ. ಮಸೂರವೇ ಸಾಕು.

ಹಾಸನ_ನ್ಯಾಯಪೀಠ

ವಕೀಲಿ ಮಾಡುವವನಾಗಿ ಒಂದು ಎಚ್ಚರಿಕೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ, ಆನೆ ಇರುವ ಪಟ್ಟಿ ಅದು. ಸಮುದ್ರದಿಂದ ತೆಗೆಯುವುದು, ಮಾರುವುದು, ಕೊಳ್ಳುವುದು ಅಪರಾಧ. ನಿಮ್ಮದು ಅದಕ್ಕಿಂತ ಹಳೆಯದು, ಹೆದರಬೇಡಿ. ಆದರೆ ಹೊಸದಾಗಿ ಯಾರಿಂದಲೂ ತರಿಸಬೇಡಿ, ಹಳೆಯದನ್ನು ಮಾರುವ ಯೋಚನೆಯೂ ಬೇಡ. ಅದನ್ನು ಇಟ್ಟುಕೊಳ್ಳುವ ಬಗ್ಗೆ ಅರಣ್ಯ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ. ಪ್ರವಾಸಕ್ಕೆ ಹೋದವರು ದಂಡೆಯಲ್ಲಿ ಬಿದ್ದದ್ದು ತಾನೇ ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಆಮೇಲೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ.

ಆಲ್ದೂರು_ಅರೇಬಿಕಾ

ವಿಷಯ ಕುತೂಹಲದ್ದೇ, ಓದುತ್ತಿದ್ದೇನೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ಆಲ್ದೂರಿನಲ್ಲೋ ಮೂಡಿಗೆರೆಯಲ್ಲೋ ಕುಳಿತವರು ಹವಳಕ್ಕೆ ಏನು ಮಾಡಬಲ್ಲರು? ನಮ್ಮ ಬದುಕಿಗೂ ಅದಕ್ಕೂ ಏನು ಸಂಬಂಧ?

ಚಾರ್ಮಾಡಿ_ಮಂಜು

ಸಂಬಂಧ ಇದೆ. ನೇತ್ರಾವತಿ ಹುಟ್ಟುವುದು ನಮ್ಮ ಜಿಲ್ಲೆಯಲ್ಲಿ. ಘಟ್ಟದಲ್ಲಿ ಗುಡ್ಡ ಕಡಿದರೆ ಮಣ್ಣು ನೇತ್ರಾವತಿಗೆ, ಅಲ್ಲಿಂದ ಕಡಲಿಗೆ, ಕಡಲಿನಲ್ಲಿ ನೇತ್ರಾಣಿಯ ಹವಳದ ಮೇಲೆ ಕೂರುತ್ತದೆ. ಕೆಸರು ಕುಳಿತರೆ ಹವಳಕ್ಕೆ ಬಿಸಿಲು ಸಿಗುವುದಿಲ್ಲ.

ಸಕಲೇಶಪುರದಿಂದ_ಕಡಲಿಗೆ

ಮಂಜು ಅವರೇ, ಕೆಸರಿನ ಮಾತು ಸರಿ, ಭೂಗೋಳ ತಪ್ಪಿದೆ. ನೇತ್ರಾವತಿ ಸಮುದ್ರ ಸೇರುವುದು ಮಂಗಳೂರಿನಲ್ಲಿ. ನೇತ್ರಾಣಿ ದ್ವೀಪ ಇರುವುದು ಮುರ್ಡೇಶ್ವರದ ಆಚೆ, ಉತ್ತರ ಕನ್ನಡದಲ್ಲಿ. ಹೆಸರಿನ ಹೋಲಿಕೆಗೆ ಮೋಸಹೋಗಬೇಡಿ. ಆ ಕಡೆ ಕಡಲು ಸೇರುವುದು ಶರಾವತಿ, ಹೊನ್ನಾವರದಲ್ಲಿ.

ನೇತ್ರಾಣಿಯಲ್ಲಿ ನಾನು ಎರಡು ಸಲ ಮುಳುಗಿದ್ದೇನೆ. ಡಿಸೆಂಬರ್‌, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಕೇಳುತ್ತದೆ: ಬಿಸಿ ಬಾಣಲೆಗೆ ಹರಳುಪ್ಪು ಹಾಕಿದಂತೆ ಚಟಪಟ ಚಟಪಟ, ಬಿಡುವೇ ಇಲ್ಲ. ಕಲ್ಲಿನ ಸಂದಿಗಳಲ್ಲಿರುವ ಒಂದು ಬಗೆಯ ಸೀಗಡಿಗಳು ಉಗುರು ಚಿಟಿಕೆ ಹೊಡೆಯುವ ಸದ್ದು ಅದು. ಜೀವಂತ ದಿಬ್ಬದಲ್ಲಿ ಆ ಗದ್ದಲ ಜೋರು, ಸತ್ತದ್ದರಲ್ಲಿ ಕ್ಷೀಣ. ಗಿಳಿಮೀನು ಹವಳವನ್ನು ಕಚ್ಚಿದರೆ ಕಟಕ್ ಎಂದು ಪಕ್ಕದಲ್ಲೇ ಕೇಳಿಸುತ್ತದೆ. ಕಚ್ಚಿದ್ದನ್ನು ಅರೆದು ಹಿಂದಿನಿಂದ ಬಿಳಿ ಮರಳು ಬಿಡುತ್ತದೆ.

ಹೇಮಾವತಿ_ದಂಡೆ

ಮಣ್ಣಿನ ದಾರಿ ನೋಡಬೇಕೆಂದರೆ ಬಿಸಿಲೆ ಕಡೆಗೆ ಹೋಗಿ. ಮಂಕನಹಳ್ಳಿಯ ಹತ್ತಿರ ಬ್ರಿಟಿಷರ ಕಾಲದ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಯದು ಹೇಮಾವತಿ, ಕಾವೇರಿ ಎಂದು ಸುತ್ತಿ ಬಂಗಾಳ ಕೊಲ್ಲಿಗೆ. ನಾನು ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಲ್ಲಿನ ಎರಡೂ ಬದಿಗೆ ನೀರಿನ ಬಾಟಲಿ ಬಗ್ಗಿಸಿ, ‘ಎರಡು ಸಮುದ್ರಕ್ಕೂ ನೀರು ಕಳಿಸಿದೆವು’ ಎಂದು ಕುಣಿಯುತ್ತಿದ್ದರು. ಸಮುದ್ರ ನಮಗೆ ದೂರ ಎಂದು ಹಾಸನದವರು ಹೇಳಿದರೆ ನನಗೆ ಆ ಬಾಟಲಿಗಳು ನೆನಪಾಗುತ್ತವೆ.

ಬೇಲೂರು_ಬಳಪ

ಕುದುರೆಮುಖದ ಗಣಿಯನ್ನು ಮರೆತಿರಾ? ಭದ್ರೆಗೆ ಎಷ್ಟು ವರ್ಷ ಕೆಂಪು ಹೂಳು ಹರಿಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಜನ ಕೇಳಿದ್ದರಿಂದ ನಿಂತಿತು. ಕೇಳದಿದ್ದರೆ ಇಂದಿಗೂ ಅಗೆಯುತ್ತಿದ್ದರು.

ಕಡೂರು_ಬಯಲು

ಭದ್ರೆ ಹೋಗುವುದು ತುಂಗಭದ್ರೆ, ಕೃಷ್ಣೆ ಮೂಲಕ ಆಂಧ್ರದ ಕಡೆಗೆ. ಹವಳಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಬೇಲೂರು_ಬಳಪ

ಗಂಟು ಹಾಕಲಿಲ್ಲ. ಕೆರೆಯ ಹೂಳಿನ ಬಗ್ಗೆ ಕೇಳಿದವರು ನೀವೇ. ಅದಕ್ಕೂ ಇದೇ ಉತ್ತರ ಎಂದೆ. ಕೇಳುವ ಜನ ಬೇಕು.

ಮಾಗುಂಡಿ_ಮೆಣಸು

ಆಲ್ದೂರಿನವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ನಾನೂ ಬೆಳೆಗಾರ.

ನೀವು ತೋಟಕ್ಕೆ ಸುಣ್ಣ ಹಾಕುತ್ತೀರಿ ತಾನೇ? ಯಾಕೆ? ಮಣ್ಣು ಹುಳಿಯಾಗುತ್ತದೆ, ಪಿಎಚ್ ಇಳಿಯುತ್ತದೆ, ಹಾಕಿದ ಗೊಬ್ಬರ ಗಿಡಕ್ಕೆ ಹತ್ತುವುದಿಲ್ಲ. ಆರರ ಮೇಲಕ್ಕೆ ತರಲು ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಎರಚುತ್ತೇವೆ. ಇದು ನಮ್ಮ ಆಳುಮಕ್ಕಳಿಗೂ ಗೊತ್ತು. ಸಮುದ್ರಕ್ಕೂ ಅದೇ ಆಗುತ್ತಿದೆ. ನಾವು ಸುಟ್ಟ ಕಲ್ಲಿದ್ದಲು, ಡೀಸೆಲ್ಲಿನ ಹೊಗೆಯಲ್ಲಿ ಒಂದು ಪಾಲು ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಕೈಗಾರಿಕೆಗಳು ಬರುವ ಮೊದಲು ಸಮುದ್ರದ ಪಿಎಚ್ ಸುಮಾರು 8.2 ಇತ್ತು, ಈಗ 8.1ರ ಹತ್ತಿರ. ಒಂದು ದಶಮಾಂಶ ತಾನೇ ಎನ್ನಬೇಡಿ, ಆ ಅಳತೆಯಲ್ಲಿ ಅದು ಆಮ್ಲೀಯತೆ ಸುಮಾರು ಶೇಕಡ 30ರಷ್ಟು ಏರಿದ್ದಕ್ಕೆ ಸಮ. ಗೂಡು ಕಟ್ಟಲು ಹವಳಕ್ಕೆ ಬೇಕಾದ ಸುಣ್ಣವೇ ಸುಲಭಕ್ಕೆ ಸಿಗದಂತಾಗುತ್ತದೆ. ನಾವು ತೋಟಕ್ಕೆ ಸುಣ್ಣದ ಲಾರಿ ತರಿಸುತ್ತೇವೆ, ಸಮುದ್ರಕ್ಕೆ ಯಾರು ತರಿಸುತ್ತಾರೆ?

ಇನ್ನು ಬಿಸಿ. 2024ರ ಏಪ್ರಿಲ್ ನೆನಪಿದೆಯೇ? ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು, ಕೊಳವೆಬಾವಿಯಲ್ಲಿ ಗಾಳಿ ಬಂತು, ನನ್ನ ರೊಬಸ್ಟಾ ಮಿಡಿಗಳು ಕಣ್ಣೆದುರಿಗೇ ಕಪ್ಪಾಗಿ ಉದುರಿದವು. ಅದೇ ತಿಂಗಳು ಅಮೆರಿಕದ ಸಾಗರ ಸಂಸ್ಥೆ ನೋವಾ, ಪ್ರಪಂಚದ ಹವಳಗಳು ನಾಲ್ಕನೆಯ ಬಾರಿ ಜಾಗತಿಕವಾಗಿ ಬೆಳ್ಳಗಾಗುತ್ತಿವೆ ಎಂದು ಪ್ರಕಟಿಸಿತು. ಲಕ್ಷದ್ವೀಪದಲ್ಲೂ ಆ ಬೇಸಿಗೆ ಹವಳ ಬೆಳ್ಳಗಾಯಿತು. ಅದನ್ನು ಓದಿದಾಗ ಆ ಹವಳವೂ ನಾನೂ ಒಂದೇ ಊರಿನವರಂತೆ ಅನಿಸಿತು.

ಆಲ್ದೂರು_ಅರೇಬಿಕಾ

ಸುಣ್ಣದ ಮಾತು ನಾಟಿತು. ಬೆಳ್ಳಗಾಗುವುದು ಎಂದರೆ ಸಾಯುವುದೇ?

ಸಕಲೇಶಪುರದಿಂದ_ಕಡಲಿಗೆ

ತಕ್ಷಣ ಸಾಯುವುದಿಲ್ಲ. ಬೇಸಿಗೆಯಲ್ಲಿ ಆ ಜಾಗದ ಮಾಮೂಲಿ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಸುಣ್ಣದ ಗೂಡು ಗಾಜಿನ ಮೂಲಕ ಕಂಡಂತೆ ಕಾಣುತ್ತದೆ. ಬರದಲ್ಲಿ ಎಲೆ ಉದುರಿಸಿ ನಿಂತ ಕಾಫಿ ಗಿಡ ಎಂದುಕೊಳ್ಳಿ. ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ, ಚೇತರಿಸಿಕೊಳ್ಳುತ್ತದೆ. ತಂಪಾಗದಿದ್ದರೆ ಹಸಿವಿನಿಂದ ಸಾಯುತ್ತದೆ.

ಒಂದೊಂದು ವಾರ ಎಷ್ಟು ಡಿಗ್ರಿ ಹೆಚ್ಚಿತ್ತು ಎಂಬುದನ್ನು ವಾರವಾರವೂ ಕೂಡಿಸುತ್ತ ಲೆಕ್ಕ ಇಡುತ್ತಾರೆ. ಆ ಲೆಕ್ಕ ನಾಲ್ಕು ದಾಟಿದರೆ ಬೆಳ್ಳಗಾಗುವಿಕೆ ಢಾಳಾಗಿ ಕಾಣುತ್ತದೆ, ಎಂಟು ದಾಟಿದರೆ ಸಾವು ಶುರು. ಉಪಗ್ರಹದ ಈ ನಕ್ಷೆಗಳನ್ನು ನೋವಾ ಉಚಿತವಾಗಿ ಕೊಡುತ್ತದೆ. ನಮ್ಮದೇ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೂಡ ಭಾರತದ ಹವಳ ಪ್ರದೇಶಗಳಿಗೆ ಎಚ್ಚರಿಕೆ ಕೊಡುತ್ತದೆ. ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ನಮ್ಮ ನಾಲ್ಕು ದೊಡ್ಡ ನೆಲೆಗಳು. ಮೂಡಿಗೆರೆಯಲ್ಲಿ ಕುಳಿತು ದಿನವೂ ನೋಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ಹಾಸನ_ನ್ಯಾಯಪೀಠ

ಲಕ್ಷದ್ವೀಪ ಎಂದಾಗ ಒಂದು ಹಳೆಯ ಕಥೆ. 1956ರ ನವೆಂಬರ್ 1ಕ್ಕೆ ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಅದಕ್ಕೂ ಮೊದಲು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿದ್ದವು. ಹವಳದ ಮೇಲೆ ನಿಂತ ಊರುಗಳ ಕಂದಾಯದ ಕಡತ ಮಂಗಳೂರಿನ ಕಚೇರಿಯಲ್ಲಿತ್ತು. ಸಂಬಂಧ ಕೇಳಿದವರಿಗೆ ಇದೂ ಒಂದು.

ಅರಸೀಕೆರೆ_ತೆಂಗು

ನಾರಿನ ವಿಷಯ ಬಂದದ್ದರಿಂದ ಕೇಳುತ್ತೇನೆ. ಮಣ್ಣಿಲ್ಲದ ಹವಳದ ಮರಳಿನಲ್ಲಿ ತೆಂಗು ಹೇಗೆ ಬೆಳೆಯುತ್ತದೆ? ನಮ್ಮಲ್ಲಿ ಒಳ್ಳೆಯ ಮಣ್ಣಿದ್ದೂ ನುಸಿ, ಕಾಂಡಸ್ರಾವ ಎಂದು ಸಾಯುತ್ತಿವೆ.

ಹೇಮಾವತಿ_ದಂಡೆ

ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ತೆಂಗಿನ ಬೇರು, ಊರಿನ ಬಾವಿ ಎರಡೂ ಬದುಕಿರುವುದು ಅದರಿಂದ. ಸುತ್ತಲಿನ ದಿಬ್ಬ ಸತ್ತು ಸವೆದರೆ ಅಲೆ ಒಳನುಗ್ಗಿ ಆ ನೀರೂ ಉಪ್ಪಾಗುತ್ತದೆ. ನುಸಿಯ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಮಾಗುಂಡಿ_ಮೆಣಸು

ಇನ್ನೊಂದು ದಾರಿ ಹೇಳುತ್ತೇನೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಗೊತ್ತಲ್ಲ? ಹಾಸನದ ಆನೆ ಮತ್ತು ಜನರ ಸಂಘರ್ಷದ ಬಗ್ಗೆ ಕೆಲಸ ಮಾಡುತ್ತದೆ. ಅದೇ ಸಂಸ್ಥೆಯ ಇನ್ನೊಂದು ತಂಡ ಲಕ್ಷದ್ವೀಪದ ಹವಳವನ್ನು 1998ರ ದೊಡ್ಡ ಬೆಳ್ಳಗಾಗುವಿಕೆಯಿಂದ ಈಚೆಗೆ ಬಿಡದೆ ಗಮನಿಸಿದೆ. ಸುಮಾರು ಕಾಲು ಶತಮಾನದಲ್ಲಿ ಜೀವಂತ ಹವಳದ ಹೊದಿಕೆ ಅರ್ಧದಷ್ಟು ಇಳಿದಿದೆ ಎಂದು ಅವರು ಪ್ರಕಟಿಸಿದ್ದಾರೆ. 1998, 2010, 2016, ಒಂದೊಂದು ಹೊಡೆತದ ನಡುವೆ ಚೇತರಿಸಿಕೊಳ್ಳಲು ಬಿಡುವು ಕಡಿಮೆಯಾಗುತ್ತಿದೆ. ಸಮುದ್ರವಿಲ್ಲದ ಮೈಸೂರಿನಿಂದ ಈ ಕೆಲಸ ನಡೆಯುತ್ತದೆ ಎಂದ ಮೇಲೆ ಮೂಡಿಗೆರೆಯಿಂದ ಯಾಕಾಗದು? ಸಂಘಕ್ಕೂ ಸೇರಿ, ಇಂಥ ಕಡೆ ತರಬೇತಿಗೂ ಕಾಗದ ಬರೆಯಿರಿ.

ಆಲ್ದೂರು_ಅರೇಬಿಕಾ

ಎಲ್ಲರ ಮಾತೂ ಓದಿದೆ. ಮಂಡಪಂ ವಿಷಯ, ಸುಣ್ಣದ ವಿಷಯ ನನ್ನ ಮನಸ್ಸನ್ನು ಅಲುಗಾಡಿಸಿವೆ. ಆದರೂ ಒಂದು ಷರತ್ತು ಇಡುತ್ತೇನೆ, ಮಗಳೇ. ಆಜೀವ, ಐದು ವರ್ಷ ಎಂದೆಲ್ಲ ಕಟ್ಟಬೇಡ. ಒಂದು ವರ್ಷಕ್ಕೆ ಕಟ್ಟು. ಆ ವರ್ಷ ಎಷ್ಟು ಲೇಖನ ಓದಿದೆ, ಯಾರಿಗೆ ಪತ್ರ ಬರೆದೆ, ಯಾರು ಉತ್ತರಿಸಿದರು ಎಂದು ತೋಟದ ಖರ್ಚಿನ ಪುಸ್ತಕದಂತೆ ಬರೆದಿಡು. ನಾನು ಆ ಲೆಕ್ಕ ಇಡಲಿಲ್ಲ, ಅದಕ್ಕೇ ನನಗೆ ಹೋದದ್ದು ತಿಳಿಯಲೇ ಇಲ್ಲ.

ಸಕಲೇಶಪುರದಿಂದ_ಕಡಲಿಗೆ

ಇದು ಒಳ್ಳೆಯ ಸಲಹೆ. ನನ್ನ ಲೆಕ್ಕ ಹೇಳುತ್ತೇನೆ: ಮೊದಲ ವರ್ಷ ಆರು ಜನಕ್ಕೆ ಬರೆದೆ, ಇಬ್ಬರು ಉತ್ತರಿಸಿದರು. ಒಬ್ಬರು ನಾನು ಕೇಳಿದ ಲೇಖನದ ಜೊತೆ ತಮ್ಮ ಕ್ಷೇತ್ರಕಾರ್ಯದ ಹಾಳೆಗಳನ್ನೂ ಕಳಿಸಿದರು. ‘ನೇತ್ರಾಣಿಯಲ್ಲಿ ನೀವು ಕಂಡದ್ದನ್ನು ದಿನಾಂಕ, ಆಳ, ಉಷ್ಣತೆ ಸಮೇತ ಬರೆದಿಡಿ, ಅಲ್ಲಿಯ ದಾಖಲೆ ನಮಗೆ ಬೇಕು’ ಎಂದರು. ನಾನು ಮುಳುಗುವ ಕ್ರಮವೇ ಅಂದಿನಿಂದ ಬದಲಾಯಿತು. ಕೈಯಲ್ಲಿ ಹಲಗೆ ಪೆನ್ಸಿಲ್ ಇಲ್ಲದೆ ನೀರಿಗೆ ಇಳಿಯುವುದಿಲ್ಲ.

ಕಡೂರು_ಬಯಲು

ಸೇರು ತಾಯಿ. ದಿನಾಂಕ, ಆಳ, ಉಷ್ಣತೆ ಬರೆಯುವುದನ್ನು ಕಲಿತ ಮೇಲೆ ಒಂದು ದಿನ ಅಯ್ಯನಕೆರೆಗೂ ಬಾ. ನಮಗೂ ಅಷ್ಟೇ ಬೇಕಾಗಿರುವುದು.

ಹೂಮಳೆ_ಮೂಡಿಗೆರೆ

ಬರುತ್ತೇನೆ, ಖಂಡಿತ. ಪರೀಕ್ಷೆ ಮುಗಿಯಲಿ.

ನಿನ್ನೆ ರಾತ್ರಿ ಈ ಚರ್ಚೆಯನ್ನು ಅಪ್ಪನಿಗೆ ಮೊದಲಿನಿಂದ ಓದಿ ಹೇಳಿದೆ. ಸುಣ್ಣದ ಭಾಗವನ್ನು ಎರಡು ಸಲ ಓದಿಸಿಕೊಂಡರು. ‘8.1 ಎಂದರೆ ನಮ್ಮ ಮಣ್ಣಿಗಿಂತ ಎಷ್ಟೋ ಮೇಲಿದೆಯಲ್ಲ, ಅದನ್ನು ಹುಳಿ ಎನ್ನುವುದು ಹೇಗೆ?’ ಎಂದು ಕೇಳಿದರು. ನನಗೆ ಸರಿಯಾಗಿ ವಿವರಿಸಲು ಬರಲಿಲ್ಲ. ಯಾರಾದರೂ ಹೇಳುವಿರಾ?

ಬೆಳಿಗ್ಗೆ ಕಾರ್ಡ್ ಕೊಟ್ಟರು. ವಿದ್ಯಾರ್ಥಿ ವಿಭಾಗ, ಒಂದು ವರ್ಷ. ಮೊದಲನೆಯ ಸಲ ಪಾವತಿ ಆಗಲಿಲ್ಲ, ಅಂತರರಾಷ್ಟ್ರೀಯ ಬಳಕೆ ಚಾಲೂ ಮಾಡಿದ ಮೇಲೆ ಆಯಿತು.

ಮಾಗುಂಡಿ_ಮೆಣಸು

ನಿಮ್ಮ ತಂದೆಯ ಪ್ರಶ್ನೆ ಬಹಳ ಸರಿಯಾದದ್ದು. ಏಳರ ಮೇಲಿರುವವರೆಗೆ ಸಮುದ್ರ ಹುಳಿಯಲ್ಲ, ಕ್ಷಾರವೇ. ಹುಳಿಯಾಗಿದೆ ಎಂದಲ್ಲ, ಹುಳಿಯ ದಿಕ್ಕಿಗೆ ಜಾರುತ್ತಿದೆ ಎಂದು ಅರ್ಥ. ನಾನು ಅವಸರದಲ್ಲಿ ಬರೆದೆ. ಕಾಫಿಗೆ ಆರು ಹಿತ, ಹವಳಕ್ಕೆ ಅದು ಸಾವು. ಒಂದೊಂದು ಜೀವಕ್ಕೆ ಒಂದೊಂದು ಹದ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಈ ಸಲ ಮಣ್ಣು ಪರೀಕ್ಷೆಗೆ ಬಾಳೆಹೊನ್ನೂರಿಗೆ ಹೋಗುವಾಗ ಒಟ್ಟಿಗೆ ಹೋಗೋಣ.

ಯಗಚಿ

ತಡವಾಗಿ ಕೇಳುತ್ತಿದ್ದೇನೆ. ನನ್ನ ಮಗನಿಗೆ ಹನ್ನೊಂದು ವರ್ಷ, ಇದನ್ನೆಲ್ಲ ಓದಿ ಹವಳ ನೋಡಬೇಕು ಎಂದು ಹಟ ಹಿಡಿದಿದ್ದಾನೆ. ಈಜು ಬರುವುದಿಲ್ಲ.

ಹೂಮಳೆ_ಮೂಡಿಗೆರೆ

ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಮಸೂರ ಇದೆ, ಕಲ್ಲಿದೆ. ಹನ್ನೆರಡು ಗರಿ ಅವನೇ ಎಣಿಸಲಿ.